೧೩೯೦೭ರ ನಿಜವಾದ ನಂಬರು

ಹಿರೇಕಣವಿ ಜಂಕ್ಷನ್,
ಇಸವಿ ೨೧೮೭, ಹದಿಮೂರನೆಯ ತಿಂಗಳ ಇಪ್ಪತ್ತಾರನೆಯ ದಿನ.

ಬೋರ್ಡು ಬರೆಯುವ ಶ್ರೀ ವಾಸಪ್ಪ ಬಳಿಗಾರ ಅವರಿಗೆ, ನಿಮ್ಮ ಊರಿನವಳೇ ಆದ, ಆದರೆ ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದಲ್ಲಿ ಹುಟ್ಟಿದ ರುದ್ರಾಣಿ ಹೆಬಸೂರ ಮಾಡುವ ನಮಸ್ಕಾರಗಳು.

ಮೊದಲಿಗೆ ಮೇಲಿನ ತಾರೀಖಿನ ಬಗ್ಗೆ ಕ್ಷಮೆ ಕೇಳುತ್ತೇನೆ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹನ್ನೆರಡೇ ತಿಂಗಳು. ಹದಿಮೂರನೆಯದನ್ನು ಓದಿದ ಕೂಡಲೇ ಇದು ಯಾರೋ ತಲೆಹರಟೆಯ ಕೆಲಸವೆಂದು ಮುದುರಿ ಎಸೆಯಲು ಕೈ ಎತ್ತಿರುತ್ತೀರಿ. ದಯವಿಟ್ಟು ಎಸೆಯಬೇಡಿ. ನಾವು ಇಪ್ಪತ್ತೆಂಟು ದಿನಕ್ಕೊಂದರಂತೆ ಹದಿಮೂರು ತಿಂಗಳು ಮಾಡಿಕೊಂಡಿದ್ದೇವೆ, ಕೊನೆಯದನ್ನು ತಾಳೆ ತಿಂಗಳು ಎನ್ನುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮ ಮತ್ತು ನಿಮ್ಮ ಸ್ನೇಹಿತರ ನೋಟ್‌ಬುಕ್ಕುಗಳಿಂದ, ಅವುಗಳಲ್ಲಿ ಎಂಜಿನ್ನುಗಳ ಹೊರತು ಬೇರೆ ಸುದ್ದಿ ಕಡಿಮೆ. ಈ ಕಾಗದವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಕಳಿಸುವ ನಮ್ಮ ಒಂದು ಏರ್ಪಾಟು. ಅದರ ಮೇಲೆ ನನಗೆ ಕಿಂಚಿತ್ತೂ ನಂಬಿಕೆಯಿಲ್ಲ. ಮುಟ್ಟುತ್ತದೆಯೇ ಎಂದು ಅಲ್ಲಿನ ಗುಮಾಸ್ತನನ್ನು ಕೇಳಿದೆ. "ಬಾಯಾರ, ಹಾಕೂದಷ್ಟ ನಮ್ಮ ಕೆಲಸ. ಮುಟ್ಟಿತು ಅಂತ ಹೇಳಾಕ ಯಾರೂ ತಿರುಗಿ ಬಂದಿಲ್ರಿ" ಎಂದ. ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಗುಮಾಸ್ತನನ್ನು ಕಂಡು ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಅನುಮಾನ ನನ್ನ ವೃತ್ತಿ. ನಾನು ತಾಳೆಗಾರ್ತಿ. ಒಂದು ವಸ್ತು ತಾನು ಏನೆಂದು ಹೇಳಿಕೊಳ್ಳುತ್ತದೆಯೋ ಅದೇ ಹೌದೋ ಅಲ್ಲವೋ ಎಂದು ನೋಡಿ ಬರೆಯುವುದು ನನ್ನ ಕೆಲಸ. ನಿಮ್ಮ ಕಾಲದ ಕೊನೆಗೆ ಯಂತ್ರಗಳು ಚಿತ್ರ ಬಿಡಿಸಲು, ಸತ್ತವರ ದನಿಯಲ್ಲಿ ಮಾತಾಡಲು ಶುರುಮಾಡಿದವಲ್ಲ, ಆ ಮೇಲಿನ ಅರವತ್ತು ವರ್ಷಗಳನ್ನು ನಾವು ಸೋಗಿನ ಕಾಲ ಎನ್ನುತ್ತೇವೆ. ಆಗ ಹೊಲ ಯಾರದು, ಮಗು ಯಾರದು, ಮಾತು ಯಾರದು ಎಂಬುದೇ ತಿಳಿಯದೆ ಊರೂರುಗಳು ಬಡಿದಾಡಿಕೊಂಡವು. ಅದರ ನಂತರ ನಮ್ಮ ಹಿರಿಯರು ಒಂದು ಕಟ್ಟುಪಾಡು ಮಾಡಿದರು. ಚಿತ್ರ, ಧ್ವನಿಮುದ್ರಣ ಯಾವುದೂ ಸಾಕ್ಷಿಯಲ್ಲ. ಕೈಬರಹ ಮತ್ತು ಲೋಹದ ಮೇಲಿನ ಗೀರು, ಇವೆರಡನ್ನೇ ನಂಬಬೇಕು, ಅವನ್ನೂ ಪೂರ್ತಿ ನಂಬಬಾರದು. ಹಾಗಾಗಿ ತಾಳೆ ತಿಂಗಳಿನಲ್ಲಿ ಪ್ರತಿ ಮನೆಯೂ ತಾನು ಹೇಳಿಕೊಂಡದ್ದನ್ನು ತೋರಿಸಬೇಕು. ಹಾಲಿನವನು ಎಮ್ಮೆ ತೋರಿಸುತ್ತಾನೆ. ಮದುವೆಯಲ್ಲಿ ಮುತ್ತಜ್ಜಿಯ ಸೀರೆ ಉಟ್ಟೆನೆಂದವಳು ಸೀರೆಯ ಸೆರಗನ್ನು ಮಸೂರದ ಕೆಳಗೆ ಹಿಡಿಯುತ್ತಾಳೆ. ನನ್ನ ತಂಗಿಯ ಅತ್ತೆ ತಮ್ಮ ಮನೆಯ ಒರಳುಕಲ್ಲು ಐದು ತಲೆಮಾರಿನದೆಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ನಾನು ಹೋಗಿ ನೋಡಿ ಮೂರು ಎಂದು ಬರೆದೆ. ಅಂದಿನಿಂದ ಆ ಮನೆಯ ಹೋಳಿಗೆ ನನಗೆ ಬಂದಿಲ್ಲ, ನನಗೆ ಅದರ ಬಗ್ಗೆ ಬೇಸರವಿದೆ, ಆದರೆ ಒರಳು ಮೂರೇ ತಲೆಮಾರಿನದು.

ಈ ಸಲ ನನ್ನ ಪಾಲಿಗೆ ಬಂದಿರುವುದು ಒಂದು ಎಂಜಿನ್ನು. ನಮ್ಮ ನಾಡಿನಲ್ಲಿ ಉಳಿದಿರುವ ಒಂದೇ ಒಂದು ಡೀಸೆಲ್ ಎಂಜಿನ್ನು ಅದು. ನಿಮ್ಮ ಜಂಕ್ಷನ್ನಿನ ಹಳೆಯ ಶೆಡ್ಡಿನ ಹಿಂದೆ, ಬಳ್ಳಾರಿ ಜಾಲಿಯ ಪೊದೆಯ ನಡುವೆ ಸಿಕ್ಕಿ, ನೂರು ವರ್ಷದಿಂದ ಊರಿನ ಹೆಮ್ಮೆಯಾಗಿ ನಿಂತಿದೆ. ಮೂತಿಯ ಮೇಲೆ ೧೩೯೦೭ ಎಂದು ಬರೆದಿದೆ. ನಮ್ಮ ಈಗಿನ ಗಾಡಿಗಳಿಗೆ ಜಾರುಗಾಡಿ ಎಂದು ಹೆಸರು, ಅವಕ್ಕೆ ಚಾಲಕನೂ ಇಲ್ಲ, ಸದ್ದೂ ಇಲ್ಲ, ಬಂದದ್ದು ತಿಳಿಯುವಷ್ಟರಲ್ಲಿ ಹೋಗಿರುತ್ತವೆ. ನಾನು ಎಂಟು ವರ್ಷದವಳಿದ್ದಾಗ ಯಾರೋ ಹೊಂಗೆ ಎಣ್ಣೆ ತುಂಬಿಸಿ ಈ ಎಂಜಿನ್ನನ್ನು ಒಮ್ಮೆ ಚಾಲೂ ಮಾಡಿದರು. ನೆಲ ನಡುಗಿತು. ನನ್ನ ಅಜ್ಜಿ ಕಿವಿ ಮುಚ್ಚಿಕೊಳ್ಳುವ ಬದಲು ಎದೆಯ ಮೇಲೆ ಕೈ ಇಟ್ಟುಕೊಂಡರು. ಹನ್ನೆರಡು ನಿಮಿಷ ಓಡಿ ನಿಂತಿತು, ಆಮೇಲೆ ಯಾರಿಗೂ ಅದನ್ನು ಎಬ್ಬಿಸಲಾಗಲಿಲ್ಲ. ಆ ಹನ್ನೆರಡು ನಿಮಿಷಗಳ ಮೇಲೆ ನನಗೆ ಇವತ್ತಿಗೂ ಪ್ರೀತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ತಾಳೆಗಾರ್ತಿ ಮೊದಲು ತನ್ನನ್ನೇ ಅನುಮಾನಿಸಬೇಕು.

ಈಗ ಆ ಎಂಜಿನ್ನನ್ನು ಕರಗಿಸಿಕೊಡಿ ಎಂದು ಹಳ್ಳಕ್ಕೆ ಸೇತುವೆ ಕಟ್ಟುವವರು ಕೇಳಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಸಂಡೂರಿನ ಗುಡ್ಡಗಳನ್ನು ಇನ್ನು ಮುಟ್ಟಬಾರದೆಂದು ತೀರ್ಮಾನವಾಗಿ ತಲೆಮಾರುಗಳೇ ಆದವು, ನಮಗೆ ಕಬ್ಬಿಣವೆಂದರೆ ಇದ್ದದ್ದನ್ನು ಕರಗಿಸಿ ಎರೆದದ್ದು ಮಾತ್ರ. ಹೋದ ವರ್ಷ ಬೆಣ್ಣಿಹಳ್ಳ ಉಕ್ಕಿದಾಗ ದೋಣಿ ಮಗುಚಿ ಮೂವರು ಹೋದರು. ಎಂಜಿನ್ನಿನಲ್ಲಿ ನೂರು ಟನ್ನಿಗೂ ಹೆಚ್ಚು ಉಕ್ಕು ಸುಮ್ಮನೆ ನಿಂತಿದೆ. ನಮ್ಮ ಕಾನೂನು ಸರಳವಾಗಿದೆ. ಒಂದು ಬಗೆಯ ಕೊನೆಯ ವಸ್ತು ತನ್ನ ನಿಜವಾದ ಹೆಸರಿನಲ್ಲಿ ನಿಂತಿದ್ದರೆ ಅದನ್ನು ಮುಟ್ಟುವಂತಿಲ್ಲ, ಸೇತುವೆಗೆ ಬೇರೆ ಕಬ್ಬಿಣ ಹುಡುಕುವುದು ಊರ ಸಭೆಯ ಹೊಣೆ. ಸುಳ್ಳು ಹೆಸರಿನಲ್ಲಿ ನಿಂತಿದ್ದರೆ ಅದು ಕುಲುಮೆಗೆ ಹೋಗಬೇಕು. ಸೋಗಿನ ಕಾಲವನ್ನು ದಾಟಿ ಬಂದ ಜನ ಸುಳ್ಳು ಹೆಸರನ್ನು ಕಂಡರೆ ಹಾವು ಕಂಡಂತೆ ಆಡುತ್ತಾರೆ. ಆದ್ದರಿಂದ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಈ ಎಂಜಿನ್ನು ೧೩೯೦೭ ಹೌದೋ, ಅಲ್ಲವೋ?

ಇದಕ್ಕೆ ಸಾಕ್ಷಿಯೆಂದರೆ ನೀವು. ಪ್ಲಾಟ್‌ಫಾರ್ಮಿನ ಕೊನೆಯ ಕಲ್ಲುಬೆಂಚಿನ ಮೇಲೆ ಪ್ರತಿ ಭಾನುವಾರ ಕೂತು ಎಂಜಿನ್ ನಂಬರು ಬರೆಯುತ್ತಿದ್ದ ನೀವು ಮೂವರು: ಬೋರ್ಡು ಬರೆಯುವ ನೀವು, ಗಾದಿ ಹೊಲಿಯುವ ಶಮಶುದ್ದೀನ ನದಾಫ, ಅಂಚೆ ಕಚೇರಿಯ ಎಸ್ತೇರ್ ಮುನವಳ್ಳಿ. ನಿಮ್ಮ ಮೂರು ನೋಟ್‌ಬುಕ್ಕುಗಳು ನನ್ನ ಮೇಜಿನ ಮೇಲಿವೆ. ಮೂರರ ಮೊದಲ ಪುಟದಲ್ಲೂ ಒಂದೇ ನಿಯಮವಿದೆ: ಕಣ್ಣಾರೆ ಕಂಡ ನಂಬರನ್ನು ಮಾತ್ರ ಬರೆಯತಕ್ಕದ್ದು. ಕೇಳಿದ್ದು, ಊಹಿಸಿದ್ದು ಬರೆಯಕೂಡದು. ಇದನ್ನು ಓದಿ ನನಗೆ ನಿಮ್ಮ ಮೇಲೆ ಗೌರವ ಬಂತು. ಆ ಗೌರವ ಎರಡು ವಾರ ಉಳಿಯಿತು.

ಫೆಬ್ರವರಿ ಒಂಬತ್ತರಂದು ಎಸ್ತೇರ್ ಬರೆದಿದ್ದಾರೆ: ೧೩೯೦೭ನ್ನು ಕತ್ತರಿಸಿದರು. ಬೆಳಿಗ್ಗೆ ನೀವೆಲ್ಲ ಸೇವಂತಿಗೆ ಹಾರ ಹಾಕಿ, ಮೂತಿಗೆ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದಿರಿ. ಶಮಶುದ್ದೀನರು ಬಾನೆಟ್ಟಿಗೆ ಹಣೆ ಹಚ್ಚಿ ನಿಂತರು. ಮಧ್ಯಾಹ್ನ ಗ್ಯಾಸ್ ಕಟರಿನವರು ಬಂದರು, ಅವರು ಹಾರವನ್ನು ತೆಗೆಯಲಿಲ್ಲ, ಹಾರದ ಸಮೇತ ಕತ್ತರಿಸಿದರು. ಇದನ್ನು ಓದುವಾಗ ನನಗೆ ಅಳು ಬಂತು. ಆದರೆ ನಿಮ್ಮ ಪುಸ್ತಕದಲ್ಲಿ ಮುಂದಿನ ಭಾನುವಾರದ ಪುಟ ತೆಗೆದರೆ, "೧೩೯೦೭ ಕಂಡೆ" ಎಂದಿದೆ. ಅದರ ಮುಂದಿನ ಭಾನುವಾರವೂ "ಕಂಡೆ" ಎಂದೇ ಇದೆ. ಹೀಗೆ ಫೆಬ್ರವರಿಯಿಂದ ಡಿಸೆಂಬರಿನವರೆಗೆ, ನಿಮ್ಮದರಲ್ಲೂ ಶಮಶುದ್ದೀನರದರಲ್ಲೂ, ವಾರಕ್ಕೊಮ್ಮೆ ತಪ್ಪದೆ ಬರುತ್ತಿದೆ. ಎಸ್ತೇರರದರಲ್ಲಿ ಇಲ್ಲ.

ಮೊದಲು ನಾನು ಎಸ್ತೇರರನ್ನೇ ಅನುಮಾನಿಸಿದೆ. ಒಬ್ಬರ ಮಾತಿಗಿಂತ ಇಬ್ಬರ ಮಾತು ದೊಡ್ಡದು, ಬೇರೆ ಯಾವುದೋ ಎಂಜಿನ್ನನ್ನು ಕತ್ತರಿಸಿದ್ದಿರಬಹುದು, ಅಂಚೆಯವರಿಗೆ ಕಣ್ಣು ಮಂಜಾಗಿತ್ತೇನೋ ಎಂದುಕೊಂಡೆ. ಹಾಗಾಗಿದ್ದರೆ ನಮ್ಮ ಎಂಜಿನ್ನು ಉಳಿಯುತ್ತಿತ್ತು, ಅದಕ್ಕೇ ನಾನು ಹಾಗೆ ಯೋಚಿಸಿದೆನೆಂದು ಈಗ ಗೊತ್ತಾಗಿದೆ. ಆಮೇಲೆ ನಿಮ್ಮ ಬರಹವನ್ನೇ ಮತ್ತೆ ನೋಡಿದೆ. ಫೆಬ್ರವರಿಗೆ ಮೊದಲು ನೀವು ಬರೆದ ಪ್ರತಿ ಸಾಲಿನಲ್ಲೂ ಒಂದು ಬೈಗುಳವಿದೆ. ನಲವತ್ತು ನಿಮಿಷ ತಡ. ಎರಡು ತಾಸು ತಡ, ಚಹಾ ಮೂರು ಸಲ ಆಯಿತು. ಸಿಗ್ನಲ್ ಇಲ್ಲದೆ ಹೊರಗೇ ನಿಂತಿದೆ. ಕರಿಹೊಗೆ, ಒಣಹಾಕಿದ ಬಟ್ಟೆಯೆಲ್ಲ ಹಾಳು. ಫೆಬ್ರವರಿಯ ನಂತರ ಹೊಗೆ ಇಲ್ಲ, ಸಿಗ್ನಲ್ ಯಾವಾಗಲೂ ಹಸಿರು, ಹಾರ್ನು ಎರಡು ಸಲ ಸ್ಪಷ್ಟವಾಗಿ, ಸರಿಯಾದ ಸಮಯಕ್ಕೆ. ವಾಸಪ್ಪನವರೇ, ನಿಮ್ಮ ಪುಸ್ತಕದಲ್ಲಿ ಹತ್ತು ತಿಂಗಳು ಆ ಗಾಡಿ ಒಂದೇ ಒಂದು ದಿನವೂ ತಡವಾಗಿಲ್ಲ. ಅಲ್ಲಿ ನೀವು ಸಿಕ್ಕಿಬಿದ್ದಿರಿ. ಪ್ರೀತಿಯಿದ್ದವರು ಮಾತ್ರ ಇಂಥ ತಪ್ಪು ಮಾಡುತ್ತಾರೆ, ಕಳ್ಳನಾಗಿದ್ದರೆ ಅಲ್ಲೊಂದು ಇಲ್ಲೊಂದು ಅರ್ಧ ತಾಸು ತಡ ಸೇರಿಸುತ್ತಿದ್ದ.

ಸುಳ್ಳು ಯಾಕೆ ಹೇಳಿದಿರೆಂದು ಹುಡುಕಲು ಹೆಚ್ಚು ದಿನ ಬೇಕಾಗಲಿಲ್ಲ. ಎಸ್ತೇರರ ಪುಸ್ತಕದ ನಡುವೆ ಒಂದು ಬಿಡಿ ಹಾಳೆ ಇತ್ತು. ಅದರಲ್ಲಿ ಅವರು ಎರಡು ಭಾನುವಾರಗಳ ಮಾತನ್ನು ಕೇಳಿದ ಹಾಗೆಯೇ ಬರೆದಿಟ್ಟಿದ್ದಾರೆ. ಹತ್ತೊಂಬತ್ತು ವರ್ಷ ಆ ಎಂಜಿನ್ನನ್ನು ಓಡಿಸಿ ನಿವೃತ್ತರಾದ ಡ್ರೈವರ್ ತವನಪ್ಪ ಉಪಾಧ್ಯೆ ಅವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ನೀವು ಮೂವರು ಬೆಂಚಿನಿಂದ ನೇರವಾಗಿ ಅವರ ಮನೆಗೆ ಹೋಗಿ ವಾರದ ಪುಸ್ತಕ ತೋರಿಸುವುದು ರೂಢಿಯಾಗಿತ್ತು. "ನನ್ನ ಗಾಡಿ ಬಂತೇನೋ ಈ ವಾರ?" ಎಂದು ಅವರು ಕೇಳುತ್ತಿದ್ದರು. "ಬಂತ್ರೀ ಕಾಕಾ, ಟಾಯಿಮ್ಮಿಗೆ ಸರಿಯಾಗಿ ಬಂತು" ಎಂದು ನೀವು ಹೇಳುತ್ತಿದ್ದಿರಿ. "ಹಂಗಾರ ನನಗ್ಯಾಕ ಹಾರ್ನ್ ಕೇಳ್ಲಿಲ್ಲ?" ಎಂದರೆ, "ಗಾಳಿ ಆ ಕಡಿ ಬೀಸಾಕತ್ತಿತ್ರಿ" ಎಂದು ಶಮಶುದ್ದೀನರು ಹೇಳುತ್ತಿದ್ದರು. ಹತ್ತು ತಿಂಗಳು ಗಾಳಿ ಆ ಕಡೆಗೇ ಬೀಸಿತು. ಡಿಸೆಂಬರ್ ಮೊದಲ ಭಾನುವಾರ ಅವರು ಹೇಳಿದ್ದನ್ನು ಎಸ್ತೇರ್ ಅಡಿಗೆರೆ ಹಾಕಿ ಬರೆದಿದ್ದಾರೆ: "ಬರ್ದಿದ್ದು ಸಾಕ್ರೋ. ಹೊರಸಿನ ಮ್ಯಾಲರ ಹೊತ್ಕೊಂಡು ಹೋಗ್ರಿ. ಒಮ್ಮೆ ಕೈ ಇಟ್ಟು ನೋಡ್ತೀನಿ, ಆಮ್ಯಾಲೆ ಏನಾರ ಆಗ್ಲಿ."

ಈ ಕಾಗದ ಆ ಭಾನುವಾರದ ಮರುದಿನ ನಿಮಗೆ ಮುಟ್ಟಲೆಂದು ಹಾಕುತ್ತಿದ್ದೇನೆ, ಆದ್ದರಿಂದ ಅಲ್ಲಿಂದ ಮುಂದಿನದನ್ನು ನೀವು ಇನ್ನೂ ಮಾಡಿಲ್ಲ; ನನಗೂ ಅದು ಬಹುಪಾಲು ಲೆಕ್ಕಾಚಾರ, ತಪ್ಪಿದ್ದರೆ ತಿದ್ದಿಕೊಳ್ಳಿ. ಶೆಡ್ಡಿನ ಹಿಂದಿನ ಹಳಿಯ ಮೇಲೆ ಅದೇ ಬಗೆಯ ಇನ್ನೊಂದು ಎಂಜಿನ್ನು ಹರಾಜಿಗಾಗಿ ಕಾಯುತ್ತಿತ್ತು. ಭಾನುವಾರ ಶೆಡ್ಡಿನಲ್ಲಿ ಕಾವಲುಗಾರನೊಬ್ಬನೇ, ಅವನೂ ಊಟಕ್ಕೆ ಹೋಗುತ್ತಾನೆ. ನೀವು ಹಳೆಯ ನಂಬರನ್ನು ಮರಳುಕಾಗದದಲ್ಲಿ ತಗಡು ಹೊಳೆಯುವವರೆಗೆ ಉಜ್ಜಿ, ಅಲ್ಲಿ ೧೩೯೦೭ ಎಂದು ಬರೆದಿರಿ. ಆ ಒಂಬತ್ತರ ಬಾಲಕ್ಕೆ ಒಂದು ಕೊಕ್ಕೆ ಇದೆ. ನಿಮ್ಮ ಪುಸ್ತಕದ ಒಂಬತ್ತಕ್ಕೂ ಅದೇ ಕೊಕ್ಕೆ. ಒಬ್ಬ ಮುದುಕನ ಸಮಾಧಾನಕ್ಕೆಂದು ಮಾಡಿದ ಈ ಕೆಲಸ ನೀವು ಎಣಿಸದ ಒಂದು ಫಲ ಕೊಟ್ಟಿತು. ಜನವರಿಯಲ್ಲಿ ಹರಾಜಿನವರು ಪಟ್ಟಿ ಹಿಡಿದು ಬಂದಾಗ ಪಟ್ಟಿಯಲ್ಲಿದ್ದ ಎಂಜಿನ್ನು ಅಲ್ಲಿರಲಿಲ್ಲ, ಅಲ್ಲಿದ್ದ ಎಂಜಿನ್ನು ಕಾಗದದ ಪ್ರಕಾರ ಫೆಬ್ರವರಿಯಲ್ಲೇ ಗುಜರಿಯಾಗಿತ್ತು. ಒಮ್ಮೆ ಕತ್ತರಿಸಿಯಾಗಿದೆ ಎಂದು ರುಜು ಬಿದ್ದದ್ದನ್ನು ಮತ್ತೆ ಕತ್ತರಿಸಲು ಯಾರೂ ರುಜು ಹಾಕಲಿಲ್ಲ. ಕಡತ ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಅಷ್ಟರಲ್ಲಿ ಜಾಲಿ ಬೆಳೆದು ಎಂಜಿನ್ನನ್ನು ಮುಚ್ಚಿತು. ನಿಮ್ಮ ಸುಳ್ಳಿನಿಂದಲೇ ಅದು ನಮ್ಮವರೆಗೆ ಬಂದಿದೆ, ನಿಮ್ಮ ಸುಳ್ಳಿನಿಂದಲೇ ಈಗ ಹೋಗುತ್ತದೆ.

ಎಂಜಿನ್ನಿನ ನಿಜವಾದ ನಂಬರು ಅದರ ಲೋಹದ ಮೇಲೆಯೇ ಗೀರಿದ್ದರೆ ಮೂತಿಯ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ, ಅದು ತನ್ನ ಹೆಸರಿನಲ್ಲೇ ನಿಂತಂತೆ; ಆ ನಂಬರು ಹುಡುಕಲು ನಾನು ಮಾಡದ ಪ್ರಯತ್ನವಿಲ್ಲ. ನಿಮ್ಮ ಶೆಡ್ಡಿನವರು ಒಂದರ ಚಕ್ರ ಇನ್ನೊಂದಕ್ಕೆ, ಇನ್ನೊಂದರ ಮೋಟಾರು ಮತ್ತೊಂದಕ್ಕೆ ಹಾಕಿ ಕೆಲಸ ಸಾಗಿಸುತ್ತಿದ್ದರು, ಹಾಗಾಗಿ ಅದರ ಬಿಡಿಭಾಗಗಳ ಮೇಲೆ ಒಂಬತ್ತು ಬೇರೆ ಬೇರೆ ನಂಬರುಗಳಿವೆ. ನಿಮ್ಮ ಪುಸ್ತಕಗಳಲ್ಲಿ ಓಡುವ ಗಾಡಿಗಳ ನಂಬರು ಮಾತ್ರ ಇವೆ, ಹರಾಜಿನ ಪಟ್ಟಿ ಉಳಿದಿಲ್ಲ. ಕಾರ್ಖಾನೆಯ ಹಿತ್ತಾಳೆ ಫಲಕ ಇರಬೇಕಾದ ಕಡೆ ನಾಲ್ಕು ತೂತುಗಳಿವೆ. ಅದು ನಿಮ್ಮ ಮನೆಯ ಶೋಕೇಸಿನಲ್ಲಿದೆ ಎಂದು ನನ್ನ ಬಲವಾದ ಅನುಮಾನ, ತಪ್ಪಿದ್ದರೆ ಮತ್ತೆ ಕ್ಷಮಿಸಿ. ಸುಮ್ಮನೆ ಇದು ೧೩೯೦೭ ಹೌದು ಎಂದು ಬರೆದುಬಿಡಲೇ ಎಂಬ ಯೋಚನೆಯೂ ಬಂತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಾಗೆ ಅನಿಸಿತು, ನಾಚಿಕೆಯಾಯಿತು. ಸೇತುವೆಯವರ ಕಡೆಯ ತಾಳೆಗಾರ ಪುಂಡಲೀಕ ಹಾದಿಮನಿ ನನಗಿಂತ ಹತ್ತು ವರ್ಷ ಕಿರಿಯ, ಅವನೂ ಅದೇ ಪುಸ್ತಕಗಳನ್ನು ಓದಿದ್ದಾನೆ. "ಅಕ್ಕಾರ, ಆ ಎಂಜಿನ್ ಮುಂದ ನಿಂತಾಗ ನಿಮ್ಮ ಮಾರಿ ನೋಡೀನ್ರಿ ನಾ. ಈ ಸಲ ನಿಮ್ಮನ್ನ ನಂಬೂದಿಲ್ಲ" ಎಂದು ಮುಖದ ಮೇಲೆಯೇ ಹೇಳಿದ. ಅವನು ಹೇಳಿದ್ದು ಸರಿ. ಅವನಿಗೆ ಕೆಲಸ ಕಲಿಸಿದವಳು ನಾನೇ.

ಉಳಿದಿರುವುದು ಒಂದೇ ಜಾಗ. ಚಾಲಕನ ಸೀಟಿನ ಅಡಿಯಲ್ಲಿ ಒಂದು ಉಕ್ಕಿನ ತಗಡು ಇದೆ, ನಾಲ್ಕು ಬೋಲ್ಟುಗಳಿಂದ ಬಿಗಿದಿದೆ. ಹೋದ ವಾರ ಅದನ್ನು ಬಿಚ್ಚಲು ಪಾನಾ ಹಿಡಿದು ಕೂತವಳು ಕೈ ತಡೆದೆ. ಬಿಚ್ಚಿ, ಒಳಗೆ ಏನೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಬಿಚ್ಚದಿದ್ದರೆ, ಅಲ್ಲಿ ಏನಿದೆ ಎಂಬುದನ್ನು ತೀರ್ಮಾನಿಸುವ ಅವಕಾಶ ಇನ್ನೂ ಒಬ್ಬರಿಗೆ ಉಳಿದಿರುತ್ತದೆ, ಮತ್ತು ಆ ಒಬ್ಬರು ನೀವು. ನಾನು ಪುಂಡಲೀಕನನ್ನು ಕರೆದು ನಾಲ್ಕೂ ಬೋಲ್ಟುಗಳಿಗೆ ಅರಗು ಹಾಕಿಸಿದೆ. ಅರಗಿನ ಮೇಲೆ ನನ್ನ ಮುದ್ರೆಯೂ ಅವನ ಮುದ್ರೆಯೂ ಇವೆ. ಗೀರಿನೊಳಗಿನ ತುಕ್ಕು ಎಷ್ಟು ವರ್ಷದ್ದೆಂದು ನಾವು ಹೇಳಬಲ್ಲೆವು, ಆದ್ದರಿಂದ ನಾನು ಇಂದು ಗೀಚಿಟ್ಟೆನೆಂದು ಯಾರೂ ಆಡಿಕೊಳ್ಳುವಂತಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟೆ. ಮೊದಲನೆಯದಾಗಿ, ಈ ಕಾಗದ ಓದಿ ಹೆದರಿ ಬಣ್ಣ ಬಳಿಯುವುದನ್ನು ಬಿಡಬೇಡಿ. ಬಿಟ್ಟರೆ ಆ ಎಂಜಿನ್ನು ಜನವರಿಯಲ್ಲೇ ಗುಜರಿಗೆ ಹೋಗುತ್ತದೆ, ನಮಗೆ ಕರಗಿಸಲೂ ಏನೂ ಉಳಿಯುವುದಿಲ್ಲ. ಜೀವಮಾನವಿಡೀ ಸುಳ್ಳನ್ನು ಪತ್ತೆಹಚ್ಚಿ ಬದುಕಿದ ನಾನು ಸುಳ್ಳು ಹೇಳಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ. ತವನಪ್ಪನವರನ್ನು ಹೊತ್ತು ತನ್ನಿ, ತೋರಿಸಿ. ಅವರು ಕೈ ಇಟ್ಟು ನೋಡಿ ಏನೆಂದರೆಂಬುದು ಎಸ್ತೇರರ ಪುಸ್ತಕದಲ್ಲಿದೆ, ಅದನ್ನು ನಾನು ಮುಂಚೆಯೇ ಹೇಳುವುದು ಸರಿಯಲ್ಲ. ಆದರೆ ಹತ್ತೊಂಬತ್ತು ವರ್ಷ ಓಡಿಸಿದ ಕೈಗೆ ಎಂಜಿನ್ನು ಬೇರೆ ಎಂದು ತಿಳಿಯದೇ ಇರುತ್ತದೆಯೇ ಎಂಬ ಅನುಮಾನ ನನಗಿದೆ, ಯಾರು ಯಾರನ್ನು ಸಮಾಧಾನ ಮಾಡಿದರೋ ನನಗೆ ಗೊತ್ತಾಗಿಲ್ಲ.

ಎರಡನೆಯದು ಇನ್ನೂ ಮುಖ್ಯ. ಹಳೆಯ ನಂಬರನ್ನು ಉಜ್ಜುವ ಮೊದಲು ಆ ಸೀಟಿನ ಅಡಿಯ ತಗಡನ್ನು ಬಿಚ್ಚಿ, ಅದರ ಒಳಮೈ ಮೇಲೆ ಎಂಜಿನ್ನಿನ ನಿಜವಾದ ನಂಬರನ್ನು ಮೊಳೆಯಿಂದ ಆಳವಾಗಿ ಗೀರಿ. ಕೆಳಗೆ ತಾರೀಖು ಹಾಕಿ. ಮೂವರೂ ರುಜು ಮಾಡಿ. ಎಸ್ತೇರರ ರುಜು ತಪ್ಪಿಸಬೇಡಿ, ಹತ್ತು ತಿಂಗಳು ಸುಳ್ಳು ಬರೆಯದ ಅವರೊಬ್ಬರ ಹೆಸರಿಗೆ ನಮ್ಮ ಸಭೆಯಲ್ಲಿ ಬೆಲೆಯಿದೆ. ಮತ್ತೆ ತಗಡು ಹಾಕಿ ಬಿಗಿಯಾಗಿ ಮುಚ್ಚಿ. ನೀವು ಹಾರ ಹಾಕಿ ಅತ್ತದ್ದು ೧೩೯೦೭ಕ್ಕಾಗಿ, ಹೌದು. ಆದರೆ ಈ ಇನ್ನೊಂದು ಎಂಜಿನ್ನಿಗೂ ಒಬ್ಬ ಚಾಲಕನಿದ್ದ, ಅದಕ್ಕೂ ಯಾವುದೋ ಊರಿನಲ್ಲಿ ಕಾಯುವವರಿದ್ದರು. ಅದಕ್ಕಾಗಿ ಯಾರೂ ಕಾಯಿ ಒಡೆಯಲಿಲ್ಲ. ಅದರ ಹೆಸರನ್ನಾದರೂ ಅದಕ್ಕೆ ಬಿಟ್ಟುಕೊಡಿ.

ನೀವು ನನ್ನನ್ನು ನಂಬುತ್ತೀರೆಂದು ನಾನು ನಂಬಿಲ್ಲ. ಎಸ್ತೇರರೇ ತಮಾಷೆಗೆ ಬರೆದು ಅಂಚೆಗೆ ಹಾಕಿದ್ದಾರೆಂದು ನಿಮಗನಿಸಬಹುದು, ಅವರು ಕೆಲಸ ಮಾಡುವುದೂ ಅಂಚೆ ಕಚೇರಿಯಲ್ಲೇ. ಇರಲಿ, ಅನುಮಾನಪಡಿ. ಗೀರಲು ನಂಬಿಕೆ ಬೇಕಾಗಿಲ್ಲ, ಒಂದು ಮೊಳೆ ಮತ್ತು ಕಾಲು ತಾಸು ಸಾಕು. ನಿಮಗೆ ಇದರಿಂದ ನಷ್ಟವೇನೂ ಇಲ್ಲ, ನಮಗೆ ಉಳಿದಿರುವುದು ಇದೊಂದೇ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸಭೆಯ ಎದುರು ಪುಂಡಲೀಕ ಅರಗು ಒಡೆಯುತ್ತಾನೆ, ಬೋಲ್ಟು ಬಿಚ್ಚುವವಳು ನಾನು. ಕುಲುಮೆಯವರು ತಮ್ಮ ಬಂಡಿಗಳನ್ನು ಇವತ್ತೇ ತಂದು ಶೆಡ್ಡಿನ ಹೊರಗೆ ನಿಲ್ಲಿಸಿದ್ದಾರೆ. ನೀವು ಬರೆಯುವವರಾಗಿದ್ದರೆ ಆ ನಂಬರು ಆಗಲೇ ಅಲ್ಲಿದೆ, ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಅಲ್ಲಿದೆ. ವಾಸಪ್ಪನವರೇ, ಬ್ರಷ್ಷು ಕೆಳಗಿಡಿ, ಮೊದಲು ಮೊಳೆ ಕೈಗೆ ತೆಗೆದುಕೊಳ್ಳಿ.

ಇಂತಿ,
ರುದ್ರಾಣಿ ಹೆಬಸೂರ
ತಾಳೆಗಾರ್ತಿ, ಹಿರೇಕಣವಿ